ನಡೆಯದ ದಿನ

ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಕಾಲುಹಾದಿ ಜಾರ್ಜಿಯದಿಂದ ಮೇಯ್ನ್‌ವರೆಗೆ 14 ರಾಜ್ಯಗಳನ್ನು ಹಾಯ್ದು ಸುಮಾರು 3,500 ಕಿಲೋಮೀಟರ್ ಸಾಗುತ್ತದೆ. ಒಂದೇ ಪಟ್ಟಿನಲ್ಲಿ ಅದನ್ನು ಮುಗಿಸಹೊರಟವನು ಐದಾರು ತಿಂಗಳು ನಡೆಯಬೇಕು. ನಡುವೆ ಒಂದು ಮೈಲಿಯೂ ಸಾಗದೆ ತಂಗುವ ದಿನಕ್ಕೆ ಆ ಹಾದಿಯವರು ಇಟ್ಟಿರುವ ಹೆಸರು ‘ಸೊನ್ನೆ’.

ತಂಗುವ ಹಾಸ್ಟೆಲು ಅರಮನೆಯೇನಲ್ಲ. ಹಳೆಯ ಕೊಟ್ಟಿಗೆಯೋ ಹಲಗೆಮನೆಯೋ ಇದ್ದೀತು. ಒಂದರ ಮೇಲೊಂದು ಮಂಚ, ಸ್ನಾನಕ್ಕೆ ಬಿಸಿನೀರು, ಹಗ್ಗದ ಮೇಲೆ ಕಾಲುಚೀಲಗಳ ಸಾಲು. ಅವುಗಳ ಪರಿಮಳವನ್ನು ವರ್ಣಿಸದಿರುವುದೇ ಲೇಸು! ಮೂಲೆಯಲ್ಲೊಂದು ಪೆಟ್ಟಿಗೆ. ಹೊರಲಾರದುದನ್ನು ಒಬ್ಬನು ಅದರಲ್ಲಿ ಬಿಟ್ಟುಹೋಗುತ್ತಾನೆ, ಬೇಕಾದವನು ಎತ್ತಿಕೊಳ್ಳುತ್ತಾನೆ.

ಬೆಳಿಗ್ಗೆ ಯಾತ್ರಿಕನು ಹೊಟ್ಟೆ ಬಿರಿಯುವಷ್ಟು ಉಂಡು, ಬೊಕ್ಕೆಯೆದ್ದ ಪಾದಗಳಿಗೆ ಮುಲಾಮು ಹಚ್ಚಿ ಮಲಗುತ್ತಾನೆ. ಅಪಾಯ ತಲೆದೋರುವುದು ಮಧ್ಯಾಹ್ನ. ಕಾಲಿಗೆ ಬಿಡುವು ದೊರೆತೊಡನೆ ಮನಸ್ಸು ನಡೆಯತೊಡಗುತ್ತದೆ, ಅದೂ ಮನೆಯ ಕಡೆಗೇ. ಫೋನಿನಲ್ಲಿ ಮಗುವಿನ ದನಿ. ಅಂಗಳದಲ್ಲಿ ಪಟ್ಟಣಕ್ಕೆ ಹೊರಡುವ ಮೋಟಾರು. ಹೊರಟವರಲ್ಲಿ ಕೊನೆ ಮುಟ್ಟುವವರು ನಾಲ್ವರಲ್ಲಿ ಸುಮಾರು ಒಬ್ಬರು. ಬೆಟ್ಟಕ್ಕೆ ಸೋಲದವನು ಇಂಥ ಮಂಚಕ್ಕೆ ಸೋಲುವುದುಂಟು.

ಸಂಜೆ ಜೊತೆಯವರ ಮಾತು ಎಮ್ಮಾ ಗೇಟ್‌ವುಡ್ ಅಜ್ಜಿಯತ್ತ ಹೊರಳುತ್ತದೆ. 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಕ್ಯಾನ್ವಾಸ್ ಬೂಟು ಮೆಟ್ಟಿ, ತಾನೇ ಹೊಲಿದ ಚೀಲವನ್ನು ಹೆಗಲಿಗೇರಿಸಿ ಆಕೆ ಈ ಹಾದಿಯನ್ನೆಲ್ಲ ಒಬ್ಬಳೇ ನಡೆದಳು. ಹನ್ನೊಂದು ಮಕ್ಕಳ ತಾಯಿ!

ಆತನು ಮಾತಾಡದೆ ಎದ್ದು, ತನ್ನ ದಪ್ಪ ಕಾದಂಬರಿಯನ್ನೂ ಎರಡನೆಯ ಸ್ವೆಟರನ್ನೂ ಪೆಟ್ಟಿಗೆಗೆ ಹಾಕುತ್ತಾನೆ. ಮಗುವಿನ ಚಿತ್ರವನ್ನು ಮಾತ್ರ ಮತ್ತೆ ಚೀಲದ ತಳಕ್ಕೆ ಸೇರಿಸಿ, ಬೆಳಗಿನ ಐದಕ್ಕೆ ಗಡಿಯಾರವನ್ನು ತಿರುಗಿಸಿಡುತ್ತಾನೆ.