ಹಿಂಗಾರಿ ಮತ್ತು ರಣಜಿ

ನಮ್ಮ ರೋಣದ ಕಡೆ ಅಕ್ಟೋಬರ್ ಬಂತೆಂದರೆ ಎರಡು ಕೆಲಸ. ಎರೆ ಹೊಲದಲ್ಲಿ ಕಡಲೆ, ಜೋಳ ಬಿತ್ತುವುದು ಒಂದು. ಈ ವರ್ಷ ಕರ್ನಾಟಕದ ರಣಜಿ ತಂಡ ಹೇಗಿದೆಯೆಂದು ಲೆಕ್ಕ ಹಾಕುವುದು ಇನ್ನೊಂದು. ಮೊದಲನೆಯದು ಊರಿಗೆಲ್ಲ ಸೇರಿದ ಕೆಲಸ. ಎರಡನೆಯದನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನೊಬ್ಬನೇ ಮಾಡಿಕೊಂಡು ಬಂದಿದ್ದೇನೆ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ.

ಇದಕ್ಕಾಗಿ ನನ್ನ ಹತ್ತಿರ ನೂರು ಪುಟದ ನೋಟುಬುಕ್ಕುಗಳಿವೆ. ಮೊದಲ ನಾಲ್ಕೈದು ಮ್ಯಾಚುಗಳು ಮುಗಿದ ಕೂಡಲೇ ಪ್ರತಿ ಆಟಗಾರನಿಗೂ ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುತ್ತೇನೆ. ಒಮ್ಮೆ ಹಾಕಿದ ಮಾರ್ಕನ್ನು ತಿದ್ದಬಾರದೆಂಬುದು ನಾನೇ ಮಾಡಿಕೊಂಡ ಕಾನೂನು. ಬೆಳೆ ಮನೆಗೆ ಬಂದ ಮೇಲೆ ‘ನಾ ಆಗಲೇ ಹೇಳಿದ್ದೆ’ ಎನ್ನುವವರು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಮೊಳಕೆ ನೋಡಿ ಹೇಳಬೇಕು. ಹೇಳಿ, ತಪ್ಪಿದರೆ ನಗಿಸಿಕೊಳ್ಳಬೇಕು.

2025-26ರ ಹಂಗಾಮಿನ ಮೊದಲ ಐದು ಮ್ಯಾಚುಗಳ ಲೆಕ್ಕವನ್ನೇ ನೋಡಿ. ಕರುಣ್ ನಾಯರ್‌ಗೆ ಕಣ್ಣು ಮುಚ್ಚಿ ಒಂಬತ್ತು ಕೊಟ್ಟೆ. 2016ರಲ್ಲಿ ಚೆನ್ನೈ ಟೆಸ್ಟಿನಲ್ಲಿ ಇಂಗ್ಲೆಂಡಿನ ಮೇಲೆ ಅಜೇಯ 303 ಹೊಡೆದವನು, ಆಮೇಲೆ ಭಾರತ ತಂಡದಿಂದ ಹೊರಬಿದ್ದು, ಕೊನೆಗೆ ಕರ್ನಾಟಕದಲ್ಲೂ ಜಾಗವಿಲ್ಲದೆ ಎರಡು ವರ್ಷ ವಿದರ್ಭಕ್ಕೆ ಆಡಿದವನು. ಅಲ್ಲಿ ರಣಜಿ ಕಪ್ಪು ಗೆದ್ದು, 2025ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋಗಿ, ಅಲ್ಲಿ ನಡೆಯದೆ ಪುನಃ ತವರಿಗೆ ಬಂದ. ಬಂದವನು ಸುಮ್ಮನೆ ಕೂಡಲಿಲ್ಲ. ಶಿವಮೊಗ್ಗದಲ್ಲಿ ಗೋವಾ ಮೇಲೆ ಅಜೇಯ 174, ಅದರ ಮುಂದಿನ ಮ್ಯಾಚಿನಲ್ಲೇ ಕೇರಳದ ಮೇಲೆ 233. ಹೊರಗಿನ ಊರಿನಲ್ಲಿ ದುಡಿದು ಬಂದ ಮಗ ಹೊಲದ ಬದು ಕಟ್ಟಿದ ಹಾಗಿತ್ತು ಆ ಆಟ.

ಅದೇ ಕೇರಳದ ಮ್ಯಾಚಿನಲ್ಲಿ ಅಜೇಯ 220 ಹೊಡೆದ ಸ್ಮರಣ್‌ಗೆ ಎಂಟೂವರೆ. ಇಪ್ಪತ್ತೆರಡು ವರ್ಷದ ಎಡಗೈ ಹುಡುಗ. ಅರ್ಧ ಮಾರ್ಕು ಯಾಕೆ ಹಿಡಿದೆ ಎಂದರೆ, ಇನ್ನೂ ತುಂಬ ವರ್ಷ ಮಾರ್ಕು ಹಾಕಬೇಕಾದ ಹುಡುಗನಿಗೆ ಈಗಲೇ ಎಲ್ಲ ಕೊಟ್ಟುಬಿಟ್ಟರೆ ಮುಂದೇನು ಕೊಡುವುದು? ನಾಯಕ ಮಯಂಕ್ ಅಗರವಾಲ್‌ಗೆ ಏಳು. ರಾಜಕೋಟದಲ್ಲಿ 96ಕ್ಕೆ ಔಟಾದ ಪಡಿಕ್ಕಲ್‌ಗೂ ಏಳು. ಆ ನಾಲ್ಕು ರನ್ನು ಹೊಡೆದಿದ್ದರೆ ಎಂಟು. ಅದೇ ಮ್ಯಾಚಿನಲ್ಲಿ ನಾವು ಸೌರಾಷ್ಟ್ರಕ್ಕೆ ಮೊದಲ ಇನಿಂಗ್ಸಿನ ಮುನ್ನಡೆ ಬಿಟ್ಟುಕೊಟ್ಟದ್ದೂ ಬರೀ ನಾಲ್ಕೇ ರನ್ನಿನಿಂದ. ಶ್ರೇಯಸ್ ಗೋಪಾಲ್ ಒಬ್ಬನೇ ಅಲ್ಲಿ ಎಂಟು ವಿಕೆಟ್ಟು ಕಿತ್ತಿದ್ದ. ಅವನಿಗೆ ಒಂಬತ್ತು. ವೇಗದ ಬೌಲಿಂಗಿಗೆ ಒಟ್ಟಾರೆ ಐದು. ಶ್ರೀನಾಥ್, ವೆಂಕಟೇಶ ಪ್ರಸಾದರನ್ನು ಕಂಡ ಕಣ್ಣಿಗೆ ಇದಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ. ಅದು ಈಗಿನ ಹುಡುಗರ ತಪ್ಪಲ್ಲ, ನನ್ನ ವಯಸ್ಸಿನ ತಪ್ಪು.

ಇಷ್ಟೆಲ್ಲ ಧೈರ್ಯದಿಂದ ಮಾರ್ಕು ಹಾಕುವ ನಾನು ಹಿಂದೆ ಒಮ್ಮೆ ಮುಗ್ಗರಿಸಿದ್ದೇನೆ. 1995ರ ನೋಟುಬುಕ್ಕಿನಲ್ಲಿ ಸುನಿಲ್ ಜೋಶಿಯ ಹೆಸರಿನ ಮುಂದೆ ‘4’ ಎಂದಿದೆ. ಪಕ್ಕದಲ್ಲಿ ನನ್ನದೇ ಕೈಬರಹ: ‘ಬ್ಯಾಟೂ ಅರ್ಧ, ಬಾಲೂ ಅರ್ಧ.’ ಜೋಶಿ ಗದಗಿನ ಹುಡುಗ. ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ, ಹೆಚ್ಚುಕಡಿಮೆ ಅರವತ್ತು ಕಿಲೋಮೀಟರು, ಬೆಳಗಿನ ಜಾವ ಎದ್ದು ಹೋಗಿಬರುತ್ತಿದ್ದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗದಗು ಆಗ ಇನ್ನೂ ಜಿಲ್ಲೆಯೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಅವನ ಆಟ ನೋಡಿ ನಾಲ್ಕು ಹಾಕಿದ್ದಲ್ಲ. ನಮ್ಮವನೆಂದು ಹೆಚ್ಚು ಕೊಟ್ಟ ಎಂದು ಯಾರಾದರೂ ಅಂದಾರೆಂಬ ಅಂಜಿಕೆಯಿಂದ ಹಾಕಿದ್ದು. ನನ್ನ ನೋಟುಬುಕ್ಕನ್ನು ನನ್ನ ಹೊರತು ಓದುವವರೇ ಇರಲಿಲ್ಲ, ಆ ಮಾತು ಬೇರೆ.

ಆ ಹಂಗಾಮಿನಲ್ಲಿ ಜೋಶಿ ಐನೂರಕ್ಕೂ ಹೆಚ್ಚು ರನ್ನು ಹೊಡೆದ, ಐವತ್ತಕ್ಕೂ ಹೆಚ್ಚು ವಿಕೆಟ್ಟು ತೆಗೆದ. ರಣಜಿಯ ಒಂದೇ ಹಂಗಾಮಿನಲ್ಲಿ ಎರಡನ್ನೂ ಅದುವರೆಗೆ ಯಾರೂ ಮಾಡಿರಲಿಲ್ಲ. ಕರ್ನಾಟಕ ಹದಿಮೂರು ವರ್ಷಗಳ ಮೇಲೆ ಕಪ್ಪು ಗೆದ್ದಿತು. 1996ರಲ್ಲಿ ಜೋಶಿ ಭಾರತಕ್ಕೆ ಆಡಿದ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಹತ್ತು ಓವರು, ಆರು ಮೇಡನ್, ಆರು ರನ್ನು, ಐದು ವಿಕೆಟ್ಟು. ಆ ಅಂಕಿಗಳನ್ನು ಪತ್ರಿಕೆಯಲ್ಲಿ ಓದಿ, ಅಚ್ಚಿನ ದೋಷವಿರಬೇಕೆಂದು ಇನ್ನೊಂದು ಪತ್ರಿಕೆ ತರಿಸಿ ನೋಡಿದ್ದೆ. ಭೀಮಸೇನ ಜೋಶಿಯವರು ಹುಟ್ಟಿದ ಊರಿನವರಾದ ನಮಗೆ ಜೋಶಿ ಎಂದರೆ ಸಂಗೀತ ಎಂದೇ ಇತ್ತು. ಅಂದಿನಿಂದ ಅದರಲ್ಲಿ ಒಂದು ಪಾಲು ಎಡಗೈ ಸ್ಪಿನ್ನಿಗೂ ಹೋಯಿತು. ‘4’ ಮಾತ್ರ ಹಾಗೇ ಇದೆ. ಕಾನೂನು ಕಾನೂನೇ.

ಈ ಹಳೆಯ ಪುಟವನ್ನು ಈಗ ತೆರೆಯಬೇಕಾದದ್ದಕ್ಕೆ ಕಾರಣವಿದೆ. ನನ್ನ ತಂಗಿಯನ್ನು ಗಜೇಂದ್ರಗಡಕ್ಕೆ ಕೊಟ್ಟಿದೆ. ಮನೆಯಲ್ಲಿ ಮಗ್ಗ. ಅವಳ ಮಗನಿಗೆ ಹದಿನಾರು ವರ್ಷ. ಅವನೂ ಎಡಗೈ ಸ್ಪಿನ್ನರು. ಶನಿವಾರ ಸಂಜೆ ನಮ್ಮ ಮನೆಗೆ ಬಂದು ಮಲಗಿ, ರವಿವಾರ ನಸುಕಿನಲ್ಲಿ ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗುತ್ತಾನೆ. ಬಸ್ಸು, ಬೂಟು, ಬ್ಯಾಟು, ಹೊರಗಿನ ಊಟ. ಮಗ್ಗದ ದುಡಿಮೆಯಲ್ಲಿ ಅದು ಸಣ್ಣ ಖರ್ಚಲ್ಲ. ಅಕ್ಟೋಬರಿನಲ್ಲಿ ತಂಗಿ ಫೋನು ಮಾಡಿದಳು.

‘ಅಣ್ಣಾ, ನೀ ಕ್ರಿಕೆಟ್ ತಿಳದಾಂವ. ಇವನ ಕೈಯಾಗ ಏನರ ಐತೇನು? ಇಲ್ಲಂದ್ರ ಇಲ್ಲ ಅಂತ ಹೇಳಿಬಿಡು. ಈಗ ಹೇಳಿದ್ರ ಓದೂದಕ್ಕರ ಹತ್ತತಾನ.’

ಮಯಂಕ್ ಅಗರವಾಲ್‌ಗೆ ಏಳು ಎನ್ನಲು ನನಗೆ ಅರೆಗಳಿಗೆ ಬೇಕಾಗಿರಲಿಲ್ಲ. ಇದಕ್ಕೆ ತಿಂಗಳಾದರೂ ಉತ್ತರ ಹೊಳೆಯಲಿಲ್ಲ. ಹುಡುಗ ನಾಲ್ಕು ಮ್ಯಾಚು ಆಡಿದ್ದ, ಐದು ವಿಕೆಟ್ಟು ತೆಗೆದಿದ್ದ. ನಮ್ಮ ಕಡೆಯ ಮ್ಯಾಟಿಂಗ್ ಪಿಚ್ಚಿನಲ್ಲಿ ಚೆಂಡು ತಾನಾಗಿಯೇ ಪುಟಿಯುತ್ತದೆ, ತಿರುಗುತ್ತದೆ. ಹುಬ್ಬಳ್ಳಿಯ ಟರ್ಫಿನಲ್ಲಿ ಹಾಗಲ್ಲ. ಚೆಂಡನ್ನು ಗಾಳಿಯಲ್ಲಿ ತೇಲಿಸಬೇಕು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುತ್ತ ಕಾಯಬೇಕು. ಇವನಿಗೆ ಕಾಯುವುದೆಂದರೆ ಆಗದು. ಎರಡು ಚೆಂಡು ಸುಮ್ಮನೆ ಹೋದರೆ ಮೂರನೆಯದನ್ನು ಜೋರಾಗಿ ಒಗೆಯುತ್ತಾನೆ. ಮಾರ್ಕು ಹಾಕು ಎಂದರೆ ನಾಲ್ಕೇ ಹಾಕಬೇಕು. ಆ ಅಂಕಿಯನ್ನೇ ನನ್ನ ಕೈ ಬರೆಯಲೊಲ್ಲದು.

2025ರ ನವೆಂಬರ್ 18ರ ಮಂಗಳವಾರ ಅವನಿಗೆ ಕಾಲೇಜು ತಪ್ಪಿಸಿ ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ ಕರೆದುಕೊಂಡು ಹೋದೆ. ಚಂಡೀಗಢದ ಮೇಲಿನ ಮ್ಯಾಚಿನ ಮೂರನೆಯ ದಿನ. ಸ್ಮರಣ್ ಅಷ್ಟೊತ್ತಿಗೆ ಅಜೇಯ 227 ಹೊಡೆದು ತನ್ನ ಕೆಲಸ ಮುಗಿಸಿದ್ದ. ಅಂದು ನಮ್ಮ ಸ್ಪಿನ್ನರುಗಳ ದಿನ. ಶ್ರೇಯಸ್ ಗೋಪಾಲ್ ಮೊದಲ ಇನಿಂಗ್ಸಿನಲ್ಲಿ ಏಳು ವಿಕೆಟ್ಟು ತೆಗೆದ, ಫಾಲೋ ಆನ್ ಆದ ಮೇಲೆ ಎಡಗೈಯ ಶಿಖರ್ ಶೆಟ್ಟಿ ಐದು ತೆಗೆದ. ಇನಿಂಗ್ಸ್ ಮತ್ತು 185 ರನ್ನುಗಳ ಗೆಲುವು. ನಾನು ಚಪ್ಪಾಳೆ ತಟ್ಟಿ ಕೈ ಕೆಂಪಗೆ ಮಾಡಿಕೊಂಡರೆ, ಹುಡುಗ ಇಡೀ ದಿನ ಒಂದು ಚಪ್ಪಾಳೆ ತಟ್ಟಲಿಲ್ಲ. ಶೆಟ್ಟಿಯ ಕೈಯನ್ನೇ ನೋಡುತ್ತ ಕೂತಿದ್ದ. ಶೇಂಗಾ ಕೊಟ್ಟರೆ ಮುಟ್ಟಲಿಲ್ಲ.

ವಾಪಸು ಬರುವಾಗ ನರಗುಂದದ ಗುಡ್ಡ ಕತ್ತಲಲ್ಲಿ ಕರ್ರಗೆ ಕಾಣುತ್ತಿತ್ತು. ನಿದ್ದೆ ಹೋಗಿದ್ದಾನೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಅಂದ: ‘ಮಾಮಾ, ಅಂವ ಎಲ್ಲಾ ಚೆಂಡೂ ತಿರುಗಸೂದಿಲ್ಲ. ನೋಡಿದಿ?’

‘ಹೂಂ, ನೋಡಿದೆ’ ಎಂದೆ. ನೋಡಿರಲಿಲ್ಲ. ನಾನು ಸ್ಕೋರು ಬರೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ನೋಟುಬುಕ್ಕಿನಲ್ಲಿ ಶಿಖರ್ ಶೆಟ್ಟಿಗೆ ಎಂಟು ಹಾಕಿದೆ. ಅದರ ಕೆಳಗೆ ನನ್ನ ಅಳಿಯನ ಹೆಸರು ಬರೆದೆ. ಮುಂದಿನ ಜಾಗ ಖಾಲಿ ಬಿಟ್ಟೆ. ಮರುದಿನ ತಂಗಿಗೆ ಫೋನು ಮಾಡಿ, ಈ ವರ್ಷದ ಬಸ್ಸಿನ ಖರ್ಚು ನನ್ನದು, ಸುಗ್ಗಿಯ ತನಕ ಅವನ ಪಾಡಿಗೆ ಅವನನ್ನು ಬಿಡು ಎಂದೆ.

ತಂಗಿ ಒಂದು ಗಳಿಗೆ ಸುಮ್ಮನಿದ್ದಳು. ಹಿಂದೆ ಮಗ್ಗದ ಸಪ್ಪಳ ಕೇಳುತ್ತಿತ್ತು.

‘ರೊಕ್ಕ ಯಾರು ಕೇಳ್ಯಾರೋ ಅಣ್ಣಾ?’ ಎಂದಳು. ‘ನಾ ಕೇಳಿದ್ದು ಮಾರ್ಕು.’