ಅಲುಗಾಡದ ಅನ್ನ

ಪುಣೆಯ ನಮ್ಮ ಮೇಲಿನ ಮನೆಯಲ್ಲಿ ಧಾರವಾಡದ ಹುಡುಗನೊಬ್ಬನಿದ್ದಾನೆ. ಊರಿಗೆ ಹೊರಟವನು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗಿಟ್ಟ. "ಅಕ್ಕಾ, ಒಂದ್ ವಾರ ನೋಡ್ಕೋರಿ. ಮೀನಿನ ಫುಡ್ ಪುಡಿ ಮಾಡಿ ಹಾಕಿದ್ರ ಸಾಕು." ಒಳಗೆ 30 ಆಕ್ಸೊಲಾಟಲ್ ಮರಿಗಳು. ಮೊಟ್ಟೆಯೊಡೆದು ನಾಲ್ಕು ದಿನ, ಸೆಂಟಿಮೀಟರಿಗಿಂತ ಚೂರು ಉದ್ದ.

ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳ ಜೀವಿ ಇದು. ನಾವಾಟ್ಲ್ ಭಾಷೆಯ ಈ ಹೆಸರಿನ ಮೊದಲ 'ಆ' ನೀರಿನದು ಎಂದು ಭಾಷಾಶಾಸ್ತ್ರ ಓದಿದ ನನಗೆ ಗೊತ್ತಿತ್ತು. ಹೊಟ್ಟೆಗೇನು ಹಾಕಬೇಕೆಂದು ಗೊತ್ತಿರಲಿಲ್ಲ.

ಪುಡಿ ಹಾಕಿದೆ. ಅದು ತಳ ಸೇರಿತು, ನೀರು ನಾರಿತು. ಮೂರನೇ ಬೆಳಿಗ್ಗೆ ಐದು ಮರಿ ಸತ್ತಿದ್ದವು.

ಆಮೇಲೆ ಓದಿ ತಿಳಿದದ್ದು: ಈ ವಯಸ್ಸಿನವಕ್ಕೆ ಅಲುಗಾಡದ್ದು ಅನ್ನವೇ ಅಲ್ಲ. ಮೊದಲ ಎರಡು ಮೂರು ದಿನ ಮೊಟ್ಟೆಯ ಹಳದಿಯೇ ಹೊಟ್ಟೆಯೊಳಗಿರುತ್ತದೆ; ಅದು ತೀರಿದ ಮೇಲೆ ಎದುರಿಗೆ ಏನಾದರೂ ಮಿಡುಕಬೇಕು. ಅಕ್ವೇರಿಯಂ ಅಂಗಡಿಯಿಂದ ಆರ್ಟೀಮಿಯಾ ಸಿಗಡಿಯ ಮೊಟ್ಟೆ ತಂದೆ. ಉಪ್ಪುನೀರಿಗೆ ಹಾಕಿ, ಗಾಳಿಯ ಗುಳ್ಳೆ ಬಿಟ್ಟರೆ, ಮರುದಿನ ಕಿತ್ತಳೆ ಬಣ್ಣದ ಧೂಳು ಈಜಾಡುತ್ತದೆ. ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು ಕೊಡಬೇಕು. ಸಿಹಿನೀರಲ್ಲಿ ಅವು ಕೆಲವೇ ಗಂಟೆ ಬದುಕುತ್ತವೆ. ಉಳಿದದ್ದನ್ನು ತೆಗೆಯದಿದ್ದರೆ ಮತ್ತೆ ಅದೇ ನಾತ. ದಿನಕ್ಕೆರಡು ಸಲ ಈ ಅಡುಗೆ. ಅನುವಾದದ ಗಡುವು ಮೀರಿತು.

ಮರಿಗಳ ಹೊಟ್ಟೆ ಗಾಜಿನಂತೆ. ತಿಂದದ್ದು ಕಾಣುತ್ತದೆ. ಒಂದೊಂದೇ ಹೊಟ್ಟೆ ಕಿತ್ತಳೆಯಾದಾಗ ಟಾರ್ಚ್ ಹಿಡಿದು ಎಣಿಸಿದೆ: ಹತ್ತೊಂಬತ್ತು. ಉಳಿದ ಆರು ಬಾಯಿ ತೆರೆಯಲೇ ಇಲ್ಲ.

ಹುಡುಗ ಬಂದು ಡಬ್ಬಿಗೆ ಬಗ್ಗಿ ಎರಡೆರಡು ಸಲ ಎಣಿಸಿದ. ಪುಡಿ ಎಂದವನು ಅವನು, ಹಾಕಿದವಳು ನಾನು. ಇಬ್ಬರೂ ಆ ಮಾತೆತ್ತಲಿಲ್ಲ. ಕಾಲು ಮೂಡಿದ ಮೇಲೆ ಹಸಿದರೆ ಒಂದರ ಕಾಲನ್ನೊಂದು ಕಚ್ಚುತ್ತವೆ, ಬೇರೆ ಬೇರೆ ಇಡು ಎಂದೆ.

"ಕಾಲು ಮತ್ತ ಬೆಳೀತಾವಲ್ಲಾ ಅಕ್ಕಾ," ಎಂದ.