ಲೂವೆನ್ನಿನ ಖಾಲಿ ಗೂಡುಗಳು

2019ರ ಜೂನ್ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ಮಗಳ ಮನೆಯಲ್ಲಿ ಕೆಲವು ವಾರ ಇರಲೆಂದು ಬೆಲ್ಜಿಯಂ ದೇಶಕ್ಕೆ ಹೋಗಿದ್ದೆವು. ಅಳಿಯನ ಸಂಶೋಧನೆಯ ನಿಮಿತ್ತ ಅವರು ಆಗ ಲೂವೆನ್ ಎಂಬ ಊರಿನಲ್ಲಿದ್ದರು. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಹಾದಿ. 1425ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವೇ ಆ ಊರಿನ ಜೀವಾಳ.

ತಲುಪಿದ ಮರುದಿನವೇ ಮಗಳು ನಮ್ಮನ್ನು ಪೇಟೆಯ ಚೌಕಕ್ಕೆ ಕರೆದೊಯ್ದಳು. ಅಲ್ಲಿದೆ ಲೂವೆನ್ನಿನ ಪುರಭವನ. ಗಾಥಿಕ್ ಶೈಲಿಯ ಕಟ್ಟಡ. 1439ರಲ್ಲಿ ಆರಂಭವಾಗಿ 1469ರಲ್ಲಿ ಮುಗಿಯಿತು. ಹಿಡಿದ ಕೆಲಸವನ್ನು ಪೂರೈಸಿದವನು ಮಥಿಯಸ್ ಡಿ ಲಾಯೆನ್ಸ್ ಎಂಬ ಶಿಲ್ಪಿ. ಕಡಿದಾದ ಮಾಡು, ಆರು ಚೂಪು ಗೋಪುರಗಳು, ಬುಡದಿಂದ ತುದಿಯವರೆಗೆ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ. "ಥೇಟ್ ಹಳೇಬೀಡು!" ಎಂದು ನನ್ನಾಕೆ ಉದ್ಗರಿಸಿದಳು. ದೇವರ ಗುಡಿಯಲ್ಲ, ಅರಸನ ಅರಮನೆಯಲ್ಲ, ಊರಿನ ಆಡಳಿತ ನಡೆಸುವ ಕಚೇರಿಗೆ ಇಷ್ಟೊಂದು ಶೃಂಗಾರ ಮಾಡಿದ್ದಾರಲ್ಲ ಎಂದು ನಾನು ಬೆರಗಾದೆ.

ಗೋಡೆಯ ತುಂಬ ಗೂಡುಗಳು, ಗೂಡುಗಳಲ್ಲಿ ಪ್ರತಿಮೆಗಳು, ಒಟ್ಟು 236. ನೆಲ ಅಂತಸ್ತಿನಲ್ಲಿ ಊರಿನ ವಿದ್ವಾಂಸರು, ಕಲಾವಿದರು, ಗಣ್ಯರು. ಅದರ ಮೇಲೆ ಸಂತರು. ತೀರಾ ಮೇಲೆ ನಾಡನ್ನಾಳಿದ ದೊರೆಗಳು. ದಾರಿಹೋಕನ ಕಣ್ಣಿಗೆ ಮೊದಲು ಬೀಳುವವರು ಊರಿನವರೇ. ದೊರೆಗಳನ್ನು ನೋಡಬೇಕಾದರೆ ಕತ್ತೆತ್ತಬೇಕು.

ಮಗಳು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಹುವಾಗಿ ಕಾಡಿತು. ಈ ಪ್ರತಿಮೆಗಳು ಕಟ್ಟಡದಷ್ಟು ಹಳೆಯವಲ್ಲ. ಗೂಡುಗಳನ್ನು ಕಟ್ಟುವಾಗಲೇ ಮಾಡಿಟ್ಟರು, ಆದರೆ ಪ್ರತಿಮೆಗಳು ಬಂದದ್ದು 1850ರ ನಂತರ. ಅಂದರೆ ಸುಮಾರು 400 ವರ್ಷ ಆ ಗೂಡುಗಳು ಖಾಲಿಯಾಗಿಯೇ ಇದ್ದವು. ತಲೆಮಾರುಗಳು ಹುಟ್ಟಿ ಮಡಿದವು. ಯಾರೂ ಗೂಡುಗಳನ್ನು ಮುಚ್ಚಿ ಗೋಡೆಯನ್ನು ಸಪಾಟು ಮಾಡಲಿಲ್ಲ.

1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಆ ಊರಿಗೆ ಬೆಂಕಿಯಿಟ್ಟರು. ವಿಶ್ವವಿದ್ಯಾನಿಲಯದ ಗ್ರಂಥಾಲಯ ಲಕ್ಷಾಂತರ ಪುಸ್ತಕಗಳೊಡನೆ ಬೂದಿಯಾಯಿತು. ಪುರಭವನ ಮಾತ್ರ ಉಳಿಯಿತು. "25" ಎಂಬ ಅಂಕಿ ಕಿವಿಗೆ ಬಿದ್ದೊಡನೆ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ನಮ್ಮ ಗೌರಿಬಿದನೂರಿಗೆ, 1988ರ ಒಂದು ಮಧ್ಯಾಹ್ನದ ತರಗತಿಗೆ ಓಡಿತು.

ಅಂದು ನಾನು ಜಲಿಯನ್‌ವಾಲಾಬಾಗ್ ಪಾಠ ಮಾಡುತ್ತಿದ್ದೆ. ಪರೀಕ್ಷೆ ಹತ್ತಿರ, ಪಾಠಗಳು ಬಾಕಿ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ವಿದುರಾಶ್ವತ್ಥದಾಗೂ ಹಿಂಗೇ ಗುಂಡು ಹಾರಿಸಿದ್ರಂತೆ. ನಮ್ಮಜ್ಜಿ ಅಲ್ಲೇ ಇದ್ಳಂತೆ. ಅದು ಪುಸ್ತಕದಾಗೆ ಎಲ್ಲೈತೆ?" ಎಂದು ಕೇಳಿದ.

ಎಲ್ಲಿದೆ? ನಮ್ಮ ಪುಸ್ತಕದಲ್ಲಿ ಇರಲಿಲ್ಲ. 1938ರ ಏಪ್ರಿಲ್ 25ರಂದು, ನಿಷೇಧಾಜ್ಞೆಯನ್ನು ಮೀರಿ ಧ್ವಜ ಹಾರಿಸಲು ಅಲ್ಲಿ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 32. ಗಾಂಧೀಜಿಯವರು ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಧ್ವಜವೂ ಹಾರಲು ಅವಕಾಶವಾಯಿತು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಹೇಳಿದ್ದಿಷ್ಟು: "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ."

ಹುಡುಗ ಕುಳಿತ. ಆ ವರ್ಷ ಮತ್ತೆ ಅವನು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರವೇ ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂಬುದು. ತಿಳಿದುದನ್ನು ಆ ಹುಡುಗ ತಾನಾಗಿ ನನ್ನ ಕೈಗಿತ್ತಿದ್ದ. ಅಮೃತಸರವನ್ನು ಅರ್ಥ ಮಾಡಿಸಲು ಕೆಲವೇ ಮೈಲಿ ದೂರದಲ್ಲಿ ಬದುಕಿದ್ದ ಒಬ್ಬ ಅಜ್ಜಿ ಸಾಕಿತ್ತು. ಲೂವೆನ್ನಿನವರು ಪ್ರತಿಮೆಯಿಲ್ಲದಿದ್ದರೂ ಗೂಡು ಮಾಡಿಟ್ಟರು. ನನ್ನ ಎದುರಿಗೆ ವ್ಯಕ್ತಿಯೇ ಇದ್ದರೂ ನಾನು ಗೂಡನ್ನು ಮುಚ್ಚಿಬಿಟ್ಟೆ.

ಊರಿಗೆ ಮರಳಿದ ಮೇಲೆ ವಿಚಾರಿಸಿಕೊಂಡು ಅವನ ಮನೆಗೆ ಹೋದೆ. ಅವನಿಗೂ ಈಗ ತಲೆ ನರೆತಿದೆ. ಅಜ್ಜಿ ತೀರಿಕೊಂಡು 20 ವರ್ಷಗಳ ಮೇಲಾಗಿತ್ತು. ನಾನು ಆ ದಿನದ ಮಾತೆತ್ತಿದಾಗ ಅವನು ನಕ್ಕು, "ನನಗೆ ನೆನಪೇ ಇಲ್ಲ, ಬಿಡಿ ಸಾರ್" ಎಂದ. ನೆನಪಿರಲಿಲ್ಲವೋ, ನನ್ನ ಮುಖ ನೋಡಿ ಹಾಗೆಂದನೋ, ಬಲ್ಲವರಾರು? ಅಜ್ಜಿ ಏನು ಹೇಳುತ್ತಿದ್ದಳೆಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಓಡೋವಾಗ ಸೊಂಟದ ಮೇಲಿದ್ದ ಮಗು ಅಳಲೇ ಇಲ್ಲ ಅಂತಿದ್ಳು ಸಾರ್. ಮನೆಗೆ ಬಂದಮೇಲೆ ಅತ್ತಿತಂತೆ. ಆ ಮಗು ನಮ್ಮಪ್ಪ" ಎಂದ. ಉಳಿದದ್ದು ಅಷ್ಟೇ. ಅದನ್ನು ಅಂದೇ ನನ್ನ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ.

ನಮ್ಮ ತಾಲ್ಲೂಕಿನ ನೆಲ ಅಂತಸ್ತಿನ ಗೂಡುಗಳಲ್ಲಿ ಕೂರಿಸಲು ಜನಕ್ಕೆ ಕೊರತೆಯಿಲ್ಲ. ಹೊಸೂರಿನಿಂದ ಓದುವ ಆಸೆಗಾಗಿ ಬೆಂಗಳೂರಿಗೆ ನಡೆದೇ ಹೋಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರನ್ನು ಎಲ್ಲರೂ ಬಲ್ಲರು. ಅವರು ಆತ್ಮಕಥೆಯನ್ನೂ ಬರೆದು ಹೋದರು. ಆದರೆ ಬರೆಯಲು ಬಾರದಿದ್ದ ಆ ಅಜ್ಜಿಗೆ?

ನನ್ನ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಈಗ ಮೇಷ್ಟರಾಗಿದ್ದೀರಿ, ಬಹುಮಂದಿ ತಂದೆ ತಾಯಿಗಳಾಗಿದ್ದೀರಿ. 1938ನ್ನು ಕಣ್ಣಾರೆ ಕಂಡವರು ಇನ್ನು ಸಿಗುವುದು ದುರ್ಲಭ. ಅವರ ಬಾಯಿಂದ ಕೇಳಿದವರು ನಿಮ್ಮ ಮನೆಗಳಲ್ಲಿ ಇರಬಹುದು. ಬಿಡುವಾದಾಗ ಅವರ ಹತ್ತಿರ ಕುಳಿತು ಕೇಳಿ, ಹೇಳಿದ್ದನ್ನು ಹೇಳಿದಂತೆಯೇ ಬರೆದಿಡಿ. ಮಗುವೊಂದು ಎದ್ದು ನಿಂತು "ನಮ್ಮೂರಿನದು ಎಲ್ಲಿದೆ?" ಎಂದು ಕೇಳಿದರೆ, ನಾನು ಹೇಳಿದಂತೆ ಹೇಳಬೇಡಿ.